ಗೋಡೆ ಕಡೆಗೆ ಕುರ್ಚಿ

"ಮೇಡಂ ಕೈ ಮ್ಯಾಲೇ ಕಣ್ಣಿಟ್ಟಿರು. ದನಿ ಹಾಕಕ್ಕೆ ಅವರ ಬೆರಳು ಆಡ್ತಿದ್ದಂಗೆ, ಕೇಳಿಸ್ದಿದ್ರೂ ನಿನ್ ಗುಂಡಿ ಒತ್ಬುಡು, ಅಷ್ಟೇ ಕಣೇ," ಎಂದು ಕನಕಮ್ಮ ಸಾಲಿನಲ್ಲಿ ನಿಂತಿದ್ದ ಮಗಳು ಸಹನಾಗೆ ಹೇಳಿಕೊಟ್ಟಳು. ಜೂಜುವಾಡಿಯ ಆ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಯ್ಯುವವರೆಲ್ಲ ಕಿವಿ ಪರೀಕ್ಷೆ ಪಾಸಾಗುತ್ತಿದ್ದುದೇ ಹೀಗೆ. ಈ ಉಪಾಯ ಸೂಪರ್‌ವೈಸರ್ ಕುಮಾರೇಶನದು. ಫೇಲಾದರೆ ಗೇಟಿನಾಚೆ ಎಂಬ ಭಯ ಎಲ್ಲರಿಗೂ. ನಾಳೆಯಿಂದ ಸಹನಾಳೂ ಗರಗಸದ ಮುಂದೆ ನಿಲ್ಲಬೇಕಿತ್ತು.

ಪರೀಕ್ಷೆಯ ಕೋಣೆಯಲ್ಲಿದ್ದ ಹರ್ಷಿತಾ ಹೊಸಬಳು. ಕನಕಮ್ಮನ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಬಿಟ್ಟಳು. ಹೆಡ್‌ಫೋನಿನಲ್ಲಿ ದಪ್ಪ ದನಿಗಳು ಬಂದವು. ಕನಕಮ್ಮ ಗುಂಡಿ ಒತ್ತಿದಳು. ಆಮೇಲೆ ಏನೂ ಬರಲಿಲ್ಲ.

"ಮುಗೀತಾ ಮೇಡಂ?"

"ಇಲ್ಲಮ್ಮ. ಇಷ್ಟೊತ್ತೂ ಕೀರಲು ದನಿ ಹಾಕ್ತಾನೇ ಇದ್ದೆ."

ಹರ್ಷಿತಾ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. "ಕಿವಿ ಒಳಗೆ ಬಸವನಹುಳದ ಚಿಪ್ಪಿನಂಥ ಸುರುಳಿ ಇದೆ. ಅಲ್ಲಿಂದ ಮಿದುಳಿಗೆ ನರದ ಎಳೆಗಳು ಹೋಗ್ತವೆ. ದಪ್ಪ ದನಿ ತಾಳಕ್ಕೆ ಎಳೆಗಳು ಸರದಿ ಮೇಲೆ ಮಿಡೀತವೆ, ಆ ಮಿಡಿತದಿಂದಲೇ ಮಿದುಳು ಅದರ ಗುರುತು ಹಿಡಿಯುತ್ತೆ. ಕೀರಲು ದನಿ ತಾಳ ಬಲು ಬಿರುಸು, ಎಳೆಗಳ ಕೈಗೆ ಸಿಗಲ್ಲ. ಅದಕ್ಕೇ ಅಂಥ ದನಿಗೆಲ್ಲ ಸುರುಳಿಯ ಬಾಯಲ್ಲೇ ಬೇರೆ ಬೇರೆ ಜಾಗ. ಯಾವ ಜಾಗದ ಎಳೆ ಮಿಡೀತು ಅನ್ನೋದರಿಂದಲೇ ಮಿದುಳಿಗೆ ಗೊತ್ತಾಗೋದು. ಗರಗಸದ ಸದ್ದು ನಿಮಗೆ ಆ ಜಾಗಾನೇ ಕೆಡಿಸಿದೆ."

"ವಾಸಿ ಆಗ್ತದಾ?"

"ಇಲ್ಲಮ್ಮ. ಮೊದಲೇ ಗೊತ್ತಾಗಿದ್ರೆ ಇಷ್ಟು ಕೆಡದಂಗೆ ನೋಡ್ಕೋಬಹುದಿತ್ತು."

ಮೊದಲೇ! ಪ್ರತಿ ವರ್ಷ ಪಾಸಾಗಿ ನಗುತ್ತಾ ಹೊರಬಂದದ್ದು ನೆನೆದು ಕನಕಮ್ಮನ ಮೈ ಉರಿಯಿತು.

ಕುಮಾರೇಶ್ ಬಾಗಿಲಲ್ಲಿ ಇಣುಕಿದ. "ಕುರ್ಚಿ ಈ ಕಡೆ ತಿರುಗ್ಸಿ ಇನ್ನೊಂದ್ಸಲ ನೋಡಿ ಮೇಡಂ. ನಮ್ಮಕ್ಕ ಪಾಸಾಯ್ತಾರೆ."

"ಯಾವಳ್ಲಾ ನಿನ್ನಕ್ಕ? ಕಿವಿ ಮುಚ್ಚಕ್ಕೆ ಏನಾರ ಕೊಡು ಅಂದ್ರೆ ಹತ್ತಿ ಕೊಟ್ಟೆ. ನನ್ ಕಿವಿ ತಿಂದ್ಬುಟ್ಟು ಪಾಸು ಅಂತೀಯಾ?"

"ಮೆತ್ತಗೆ ಮಾತಾಡಕ್ಕ."

"ಮೆತ್ತಗೆ ಆಡಿದ್ರೆ ನಂಗೇ ಕೇಳ್ಸಲ್ಲ ಕಣ್ಲಾ!"

ಹೊರಗೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನಕಮ್ಮ ನಗಲಿಲ್ಲ. ಮಗಳ ರಟ್ಟೆ ಹಿಡಿದು ಒಳಗೆಳೆದು, ಗೋಡೆಗೆ ಮುಖ ಮಾಡಿ ಕೂರಿಸಿದಳು. "ಇವಳ ಕಿವಿ ಇವತ್ತು ಹೆಂಗದೆ, ಸರಿಯಾಗಿ ನೋಡಿ ಮೇಡಂ. ಕಿವಿಗೆ ಒಳ್ಳೇ ಮುಚ್ಚಳ ಬರೋಗಂಟ ನಾವಿಬ್ರೂ ಗರಗಸ ಮುಟ್ಟಲ್ಲ."

"ಹಂಗಾರೆ ನಾಳೆಯಿಂದ ಬರಬ್ಯಾಡ್ರಿ," ಎಂದ ಕುಮಾರೇಶ್.

ಕನಕಮ್ಮ ಅವನನ್ನು ಆಚೆಗೆ ದಬ್ಬಿ ಚಿಲಕ ಹಾಕಿದಳು.

ದಪ್ಪ ದನಿಗಳು ಮುಗಿದು ಕೀರಲು ದನಿಗಳ ಸರದಿ ಬಂತು. ಸಹನಾಳ ಹೆಬ್ಬೆರಳು ಗುಂಡಿ ಒತ್ತಿತು. ಮತ್ತೆ ಒತ್ತಿತು. ತನ್ನಿಂದ ಏನೇನು ಕಿತ್ತುಕೊಂಡಿದ್ದಾರೆಂದು ಕನಕಮ್ಮ ಹಲ್ಲು ಕಚ್ಚಿಕೊಂಡು ನೋಡುತ್ತಾ ನಿಂತಳು.