ಹಬೆ ಅಕ್ಕನ ಕಿವಿಯೂ ಬಾಯ್ಲರ್ ಲೈಸೆನ್ಸೂ

ನಮ್ಮ ಲಾಂಡ್ರಿಗೆ ಬರುವುದೆಲ್ಲ ಆಸ್ಪತ್ರೆಯ ಬಟ್ಟೆ. ನಾನು ಇಸ್ತ್ರಿ ವಿಭಾಗದವಳು. ಒಗೆಯಲಿಕ್ಕೂ ಇಸ್ತ್ರಿಗೂ ಹಬೆ ಬೇಕು, ಹಬೆ ಬರುವುದು ಹಿಂದಿನ ಬಾಯ್ಲರ್ ಮನೆಯಿಂದ. ಹನ್ನೊಂದು ವರ್ಷದಿಂದ ಆ ಬಾಯ್ಲರಿನ ಜೊತೆ ಏಗುತ್ತಿರುವವಳು ನಮ್ಮ ಹಬೆ ಅಕ್ಕ. ಆದರೆ ಗೋಡೆಗೆ ನೇತುಹಾಕಿದ ಲೈಸೆನ್ಸಿನಲ್ಲಿ ಇದ್ದದ್ದು ಬಾಯ್ಲರ್ ತಾತನ ಹೆಸರು. ತಾತ ಸ್ಟೂಲಿನ ಮೇಲೆ ಕೂತು ನೋಡಿಕೊಳ್ಳುತ್ತಿದ್ದ, ಇವಳು ಸಹಾಯಕಿ ಅನ್ನಿಸಿಕೊಂಡು ಎಲ್ಲ ಕೆಲಸ ಮಾಡುತ್ತಿದ್ದಳು. ಇದರಲ್ಲಿ ಏನೋ ಸರಿಯಿಲ್ಲ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಇನ್ನು ಆರು ತಿಂಗಳಿಗೆ ಕೆಲಸ ಬಿಡುತ್ತೇನೆ ಅಂತ ತಾತ ಹೇಳಿದ. ಮಾಲೀಕರು ಅಕ್ಕನನ್ನು ಕರೆದು, ಹೊರಗಿನಿಂದ ಲೈಸೆನ್ಸ್ ಇರುವವನನ್ನು ತರಿಸುತ್ತೇನೆ, ನೀನು ಬಟ್ಟೆ ಮಡಚುವ ಮೇಜಿಗೆ ಹೋಗು ಅಂದರು.

"ಬರೋ ಹೊಸಬ್ರಿಗೆ ಈ ಬಾಯ್ಲರ್ ತೋರಿಸಿಕೊಡೋದು ಯಾರು ಸಾರ್?" ಅಂತ ಅಕ್ಕ ಕೇಳಿದಳು.

"ನೀನೇ ಅಲ್ವೇನಮ್ಮ," ಅಂತ ಅವರು ನಕ್ಕರು.

ಆ ನಗು ಅವಳಿಗೆ ನಾಟಿತು. ಮಾರನೆಯ ದಿನವೇ ಲೈಸೆನ್ಸ್ ಅರ್ಜಿಯ ಫಾರಂ ತಂದಳು. ಅವಳ ಗಂಡ ಟೈಲರ್, ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸಕ್ಕೂ ಮೊದಲು ಆಗಲ್ಲ ಅಂತ ಹೇಳಿಯೇ ಶುರುಮಾಡುವವನು. ಮಿಷನ್ ತುಳಿಯುತ್ತಲೇ ಫಾರಂ ನೋಡಿ, ಇದನ್ನು ತುಂಬಿಸುವಷ್ಟರಲ್ಲಿ ನಾವಿಬ್ಬರೂ ಮುದುಕರಾಗ್ತೀವಿ ಅಂದ.

ಅವನು ಹೇಳಿದ್ದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಶಾಲೆಯ ಸರ್ಟಿಫಿಕೇಟಿನಲ್ಲಿ ಅಕ್ಕನ ಹೆಸರು ಒಂದು ಥರ, ಗುರುತಿನ ಚೀಟಿಯಲ್ಲಿ ಇನ್ನೊಂದು ಥರ. ಇಬ್ಬರೂ ಒಬ್ಬಳೇ ಅಂತ ಪ್ರಮಾಣಪತ್ರ ಮಾಡಿಸಬೇಕಾಯಿತು. ಹನ್ನೊಂದು ವರ್ಷದ ಅನುಭವಕ್ಕೆ ಪತ್ರ ಕೊಡಿ ಅಂದರೆ ಮಾಲೀಕರು ಇವತ್ತು ನಾಳೆ ಅಂತ ಸತಾಯಿಸಿದರು. ಅಕ್ಕ ಬಿಡುವ ಜನವಲ್ಲ. ಹಾಜರಿ ಪುಸ್ತಕ ಹೊತ್ತುಕೊಂಡು ಅವರ ಕೋಣೆಯ ಬಾಗಿಲಲ್ಲಿ ಮೂರು ದಿನ ಊಟದ ಹೊತ್ತಿಗೆ ಸರಿಯಾಗಿ ನಿಂತಳು. ಊಟ ಗಂಟಲಲ್ಲಿ ಇಳಿಯದೆ ನಾಲ್ಕನೇ ದಿನ ಸಹಿ ಹಾಕಿದರು.

ಉಳಿದದ್ದು ವೈದ್ಯಕೀಯ ಪ್ರಮಾಣಪತ್ರ. ಕಣ್ಣು, ಕಿವಿ, ರಕ್ತದೊತ್ತಡ ಎಲ್ಲ ನೋಡಿ ಡಾಕ್ಟರು ಬರೆದುಕೊಡಬೇಕು. ಗಂಡ ಇದಕ್ಕೆ ಸುಲಭದ ದಾರಿ ಹುಡುಕಿದ. ಯಾರೋ ದಲ್ಲಾಳಿಯಿಂದ ಒಂದು ಕಾಗದ ತಂದ. ಸಹಿ ಇತ್ತು, ಮೊಹರು ಇತ್ತು, ಹೆಸರಿನ ಜಾಗ ಮಾತ್ರ ಖಾಲಿ. ಡಾಕ್ಟರ ಮುಖವನ್ನೂ ನೋಡಬೇಕಾಗಿಲ್ಲ ಅಂತ ಹೆಮ್ಮೆಯಿಂದ ಹೇಳಿದ.

ಅವನ ತಂಗಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಅವಳು ಕಾಗದವನ್ನು ತಿರುವಿ ನೋಡಿ, ಇದು ಸಿಕ್ಕಿಬಿದ್ದರೆ ಅರ್ಜಿಯೂ ಹೋಗುತ್ತೆ, ಮಾನವೂ ಹೋಗುತ್ತೆ, ಸಿಕ್ಕಿಬೀಳದಿದ್ದರೆ ಅದು ಇನ್ನೂ ಕೆಟ್ಟದ್ದು ಅಂದಳು. ಅದು ಹೇಗೆ ಅಂತ ನಮಗೆ ಆಗ ಅರ್ಥವಾಗಲಿಲ್ಲ. ಅಕ್ಕ ಕಾಗದವನ್ನು ಗಂಡನ ಜೇಬಿಗೇ ವಾಪಸು ತುರುಕಿ, ನಾದಿನಿಯ ಜೊತೆ ಕೇಂದ್ರಕ್ಕೆ ಹೊರಟಳು. ಸುಮ್ಮನಿರಲಾರದೆ ನಾನೂ ಹೋದೆ.

ಕಣ್ಣು ಸರಿ. ರಕ್ತದೊತ್ತಡ ಸರಿ. ಕಿವಿಯ ಸರದಿ ಬಂತು. ಡಾಕ್ಟರು ಅಕ್ಕನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹಿಂದಿನಿಂದ ಮೆಲ್ಲಗೆ ಅಂಕಿಗಳನ್ನು ಹೇಳತೊಡಗಿದರು. ಅಕ್ಕ ಪ್ರತಿ ಸಲವೂ ಕತ್ತು ತಿರುಗಿಸಿ ಅವರ ಮುಖ ನೋಡಿ, ಸರಿಯಾಗಿಯೇ ಉತ್ತರ ಕೊಟ್ಟಳು.

"ಅತ್ತಿಗೆ, ತಿರುಗಬೇಡಿ," ಅಂದಳು ನಾದಿನಿ.

ಮತ್ತೆ ತಿರುಗಿದಳು. ಕೊನೆಗೆ ನಾದಿನಿ ಅವಳ ಭುಜ ಹಿಡಿದು ನಿಂತಳು. ಡಾಕ್ಟರು ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ಎಡಗಡೆಯಿಂದ ಅಂಕಿ ಹೇಳಿದರು. ನನಗೆ ಬಾಗಿಲ ಬಳಿಯೂ ಕೇಳಿಸಿತು. ಅಕ್ಕ ಗೋಡೆ ನೋಡುತ್ತಾ, ಡಾಕ್ಟರು ಯಾವಾಗ ಶುರುಮಾಡುತ್ತಾರೋ ಅಂತ ಕಾಯುತ್ತಲೇ ಇದ್ದಳು.

ಬಾಯ್ಲರ್ ಮನೆಯ ಸದ್ದಿನಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ತುಟಿ ನೋಡುತ್ತಾರೆ, ಕೈ ನೋಡುತ್ತಾರೆ. ಎರಡು ಬೆರಳೆತ್ತಿದರೆ ವಾಲ್ವ್ ತೆರೆ, ಮುಷ್ಟಿ ಹಿಡಿದರೆ ಮುಚ್ಚು. ಅಷ್ಟು ವರ್ಷ ಹಾಗೆ ನೋಡೀ ನೋಡೀ, ತನಗೆ ಎಲ್ಲವೂ ಕೇಳುತ್ತಿದೆ ಅಂತಲೇ ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ಈ ಸ್ಥಿತಿಯಲ್ಲಿ ಪ್ರಮಾಣಪತ್ರ ಕೊಡಲಾಗುವುದಿಲ್ಲ ಅಂದರು ಡಾಕ್ಟರು. ದೊಡ್ಡ ಆಸ್ಪತ್ರೆಯಲ್ಲಿ ಯಂತ್ರದಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಶ್ರವಣ ಸಾಧನ ಹಾಕಿಕೊಂಡರೆ ಎಷ್ಟು ಕೇಳುತ್ತದೆ ಅಂತ ನೋಡಿಸಿಕೊಂಡು ಮತ್ತೆ ಬನ್ನಿ ಅಂತಲೂ ಹೇಳಿದರು.

ಮನೆಯಲ್ಲಿ ಗಂಡ ಕೂಗಾಡಿದ. ನಾನು ಬಡ್ಕೊಂಡೆ, ಕೇಳಿದ್ಯಾ, ಆ ಕಾಗದ ಇಟ್ಟಿದ್ರೆ ಇಷ್ಟು ಹೊತ್ತಿಗೆ ಕೆಲಸ ಮುಗೀತಿತ್ತು, ತಾತ ಹಾಗೇ ಮಾಡಿಸಿಕೊಂಡಿಲ್ವಾ ಅಂದ. ವಿಚಾರ ತಿಳಿಯೋಣ ಅಂತ ಬಂದ ತಾತ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಟೈಲರನ ತುಟಿಯನ್ನೇ ನೋಡುತ್ತಿದ್ದ.

"ಹೌದಪ್ಪ, ಕೊಂಡ್ಕೊಂಡೆ," ಅಂದ ತಾತ. "ಪ್ರತಿ ಸಲವೂ ಕೊಂಡ್ಕೊಂಡೆ. ನನ್ನ ಕಿವಿ ಒಳಗೆ ಯಾರೂ ಇಣುಕಿ ನೋಡ್ಲೇ ಇಲ್ಲ. ನೀರು ಕಮ್ಮಿಯಾದ್ರೆ ಬಾಯ್ಲರ್ ಸಿಡಿಯೋ ಮುಂಚೆ ಗಂಟೆ ಹೊಡೆಯತ್ತಲ್ಲ, ಅದು ನಂಗೆ ಕೇಳಿ ಎಷ್ಟೋ ವರ್ಷ ಆಯ್ತು. ನೀರಿನ ಮಟ್ಟ ನೋಡೋದ್ರಲ್ಲಿ ಇವಳ ಕಣ್ಣು ಚುರುಕಾಗಿತ್ತು, ಅದಕ್ಕೇ ನಾವೆಲ್ಲ ಬದುಕಿದೀವಿ."

ಆಮೇಲೆ ಮತ್ತೆ ಹೇಳಿದ: "ಮೊಮ್ಮಗಳಿಗೆ ಐದು ವರ್ಷ. ಅವಳ ಧ್ವನಿ ಹೇಗಿದೆ ಅಂತ ನಂಗೆ ಗೊತ್ತಿಲ್ಲ."

ಟೈಲರ್ ಎದ್ದು ಆ ದಲ್ಲಾಳಿಯ ಕಾಗದವನ್ನು ಕತ್ತರಿಯಿಂದ ತುಂಡು ತುಂಡು ಮಾಡಿದ. ನನಗಂತೂ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಆ ಗೋಡೆಯ ಆಚೆ ಕೂತು ನಾನು ನಿಶ್ಚಿಂತೆಯಿಂದ ಇಸ್ತ್ರಿ ಹಾಕಿದ್ದೆನಲ್ಲ.

ಅಕ್ಕ ದೊಡ್ಡ ಆಸ್ಪತ್ರೆಗೆ ಹೋದಳು. ಜೊತೆಗೆ ಹೋದವನು ಗಂಡನೇ. ಬಲಗಿವಿ ಚೆನ್ನಾಗಿದೆ, ಎಡಗಿವಿ ಸದ್ದಿಗೆ ಸೋತಿದೆ, ಇನ್ನು ಕಾಪಾಡಿಕೊಳ್ಳದಿದ್ದರೆ ಬಲದ್ದೂ ಹೋಗುತ್ತದೆ ಅಂದರು. ಸಾಧನ ಹಾಕಿಕೊಂಡು ಮತ್ತೆ ಪರೀಕ್ಷೆಗೆ ನಿಂತಾಗ ಅಕ್ಕ ಒಂದು ಸಲವೂ ಕತ್ತು ತಿರುಗಿಸಲಿಲ್ಲ. ಸಾಧನ ಹಾಕಿಕೊಂಡು ಈ ಕೆಲಸ ಮಾಡಬಹುದು ಅಂತ ಡಾಕ್ಟರು ಸ್ಪಷ್ಟವಾಗಿ ಬರೆದುಕೊಟ್ಟರು.

ಲೈಸೆನ್ಸ್ ಕಚೇರಿಯ ಗುಮಾಸ್ತ ಎಲ್ಲ ಕಾಗದ ತಿರುವಿ ಹಾಕಿ, ಆ ಒಂದು ಸಾಲಿಗೆ ಬಂದು ನಿಂತ. ಕಿವಿ ಕೇಳದ ಹೆಂಗಸಿಗೆ ಬಾಯ್ಲರ್ ಕೊಡೋಕಾಗುತ್ತಾ, ತಗೊಂಡು ಹೋಗಮ್ಮ ಅಂತ ಕಡತ ಈಚೆ ತಳ್ಳಿದ. ಅಕ್ಕ ಅದನ್ನು ಮತ್ತೆ ಆಚೆ ತಳ್ಳಿದಳು.

"ನಂಗೆ ಎಷ್ಟು ಕೇಳುತ್ತೆ ಅಂತ ಡಾಕ್ಟರು ಬರೆದಿದಾರೆ. ನೀವು ಲೈಸೆನ್ಸ್ ಕೊಟ್ಟಿರೋ ಉಳಿದೋರಿಗೆ ಎಷ್ಟು ಕೇಳುತ್ತೆ ಅಂತ ನಿಮ್ಮ ಹತ್ರ ನಿಜವಾದ ಕಾಗದ ಇದ್ಯಾ? ಬೇಡ ಅಂದ್ರೆ ಯಾಕೆ ಬೇಡ ಅಂತ ಬರೆದು ಸಹಿ ಹಾಕಿಕೊಡಿ. ನಾನು ಹೋಗ್ತೀನಿ."

ಬರೆದು ಕೊಡಲು ಅವನ ಕೈ ಏಳಲಿಲ್ಲ. ಅರ್ಜಿ ತೆಗೆದುಕೊಂಡು ರಸೀದಿ ಕೊಟ್ಟ. ಆಮೇಲೆ ಮೂವರು ಅಧಿಕಾರಿಗಳು ಕೂತು ಬಾಯ್ಲರ್ ಬಗ್ಗೆ ಒಂದು ಗಂಟೆ ಪ್ರಶ್ನೆ ಕೇಳಿದರು. ಅಕ್ಕ ತಡವರಿಸಲಿಲ್ಲ. ತಾತನ ಕೊನೆಯ ವಾರದಲ್ಲಿ ಲೈಸೆನ್ಸ್ ಅವಳ ಕೈಗೆ ಬಂತು. ಹೊರಗಿನವನನ್ನು ತರಿಸುವ ಮಾತನ್ನು ಮಾಲೀಕರು ಅಲ್ಲಿಗೇ ಬಿಟ್ಟರು.

ಮೊದಲ ದಿನ ಏನು ಮಾಡಿದಳು ಗೊತ್ತೇ? ಬೆಂಕಿಯನ್ನೇ ಹೊತ್ತಿಸಲಿಲ್ಲ. ಯಂತ್ರಗಳು ತಣ್ಣಗೆ ನಿಂತವು, ಬಟ್ಟೆಯ ಮೂಟೆಗಳು ಬಾಗಿಲವರೆಗೆ ಬಂದವು. ಮಾಲೀಕರು ಓಡಿಬಂದರು. ಬಾಯ್ಲರ್ ಮನೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಕಿವಿಗೆ ಹಾಕುವ ರಕ್ಷಾಕವಚ ಬೇಕು, ಒಗೆಯುವವರು, ಇಸ್ತ್ರಿ ಹಾಕುವವರೂ ಸೇರಿದಂತೆ ಎಲ್ಲರ ಕಿವಿ ಪರೀಕ್ಷೆಗೆ ದಿನ ಗೊತ್ತುಮಾಡಬೇಕು ಅಂದಳು. ಇವತ್ತೊಂದು ದಿನ ಹೇಗೋ ನಡೆಸಮ್ಮ ಅಂದರು ಅವರು.

"ಹೇಗೋ ನಡೆಸಿದ್ದು ಸಾಕು ಸಾರ್. ಇವತ್ತಿಂದ ಲೈಸೆನ್ಸ್ ನನ್ನ ಹೆಸರಲ್ಲಿದೆ."

ಮಧ್ಯಾಹ್ನದೊಳಗೆ ಕವಚಗಳು ಬಂದವು. ಪರೀಕ್ಷೆಯ ದಿನವೂ ಗೋಡೆಯ ಮೇಲೆ ಬರೆದಾಯಿತು. ಆಮೇಲೆಯೇ ನಮಗೆ ಹಬೆ ಸಿಕ್ಕಿದ್ದು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಯಾವ ಕೆಲಸದ ಲೈಸೆನ್ಸಿಗೇ ಅರ್ಜಿ ಹಾಕಿ, ಏನೇನು ಕಾಗದ ಬೇಕು ಅಂತ ಕಚೇರಿಯಲ್ಲೇ ಕೇಳಿ. ಹೆಸರಿನ ವ್ಯತ್ಯಾಸ ಇದ್ದರೆ ಮೊದಲೇ ಸರಿಮಾಡಿಸಿ. ಕೊಟ್ಟ ಪ್ರತಿ ಕಾಗದಕ್ಕೂ ರಸೀದಿ ಇಸಿದುಕೊಳ್ಳಿ. ಆಗಲ್ಲ ಅಂದವರನ್ನು ಬರೆದುಕೊಡಿ ಅನ್ನಿ. ಆದರೆ ದೇಹ ಪರೀಕ್ಷೆಗೆ ಮಾತ್ರ ನೀವೇ ಹೋಗಿ, ನಿಮ್ಮ ಪರವಾಗಿ ಕಾಗದವನ್ನು ಕಳಿಸಬೇಡಿ. ನಾನೂ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ನಿಂತೆ. ನೀವೂ ನಿಲ್ಲಿ.