ಐರಿಸ್ ಗಡ್ಡೆಗಳ ಚಳಿಗಾಲ

“ನಿನ್ನ ಊರಿನ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಎಂತ ಮಾಡುದು ಮಾರಾಯ್ತಿ, ಮ್ಯಾಡಂ ಹತ್ರ ಹೂಂ ಹೇಳಿಯಾಗಿದೆ,” ಎಂದ ಲಕ್ಷಿತ್, ಬಾಗಿಲಲ್ಲೇ ಸೇಫ್ಟಿ ಶೂಗಳ ಲೇಸು ಬಿಚ್ಚುತ್ತ.

ಸೌಮ್ಯಶ್ರೀ ಅಡುಗೆಮನೆಯ ನೆಲದಲ್ಲಿ ಹಳೆ ಪೇಪರ್ ಹಾಸಿಕೊಂಡು ಕೂತಿದ್ದಳು. ಎದುರಿಗೆ ಸೈಬೀರಿಯನ್ ಐರಿಸ್‌ನ ಐದು ಗಡ್ಡೆಗಳು. ಗಂಡನ ಮ್ಯಾನೇಜರನ ಹೆಂಡತಿ ರಜೆಗೆ ಹೊರಡುವ ಮುಂಚೆ ತನ್ನ ತೋಟದಿಂದ ಕೀಳಿಸಿ ಕಳಿಸಿದ್ದಳು. ಗಲ್ಫಿನ ಈ ಸೂರ್ ಪಟ್ಟಣದ ಡಿಸೆಂಬರ್ ಅವಕ್ಕೆ ಚಳಿಗಾಲವೇ ಅಲ್ಲ. ಹತ್ತು ವಾರ ಕೊರೆಯುವ ತಂಪಿನಲ್ಲಿ ಮಲಗದಿದ್ದರೆ ಹೂ ಬಿಡುವುದಿಲ್ಲ. ಎಲೆ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಬೇಕು. ದಿನ ಬಿಟ್ಟು ದಿನ ತೇವ ನೋಡಬೇಕು, ಬೂಸ್ಟು ಹಿಡಿದ ಬೇರು ಸವರಬೇಕು. ಫೆಬ್ರವರಿಯಲ್ಲಿ ಮತ್ತೆ ಮಣ್ಣಿಗೆ.

“ನನ್ನ ವೈಫ್ ಬಾಟನಿ ಎಂಎಸ್ಸಿ ಮ್ಯಾಡಂ, ಮನೆಯಲ್ಲೇ ಇರ್ತಾಳೆ,” ಎಂದು ಲಕ್ಷಿತ್ ಅವಳನ್ನು ಕೇಳದೆ ಒಪ್ಪಿಕೊಂಡಿದ್ದ. ಆರು ವರ್ಷ ಮನೆಯಲ್ಲಿ ಕೂತ ಮೇಲೆ ಅದೇ ಎಂಎಸ್ಸಿಗೆ ಉಡುಪಿಯ ಕಾಲೇಜೊಂದು ಸಂದರ್ಶನಕ್ಕೆ ಕರೆದಿತ್ತು. ಇದೇ ತಿಂಗಳ ಹದಿನೆಂಟಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ.

“ನಾಲ್ಕು ದಿನ ನೀವೇ ನೋಡಿದ್ರೆ ಆಗುದಿಲ್ವಾ?”

“ನಂಗೆ ಪ್ಲಾಂಟಲ್ಲಿ ಶಟ್‌ಡೌನ್ ಡ್ಯೂಟಿ. ಕೊಳೆತು ಹೋದ್ರೆ? ಮಾರ್ಚಿಗೆ ಕಾಂಟ್ರಾಕ್ಟ್ ರಿನ್ಯೂವಲ್ ಉಂಟು. ಅವರ ಹೂ ಅರಳದಿದ್ರೆ ನಂದು ಖಲಾಸ್. ಮತ್ತೆ ಇಬ್ರೂ ಊರಲ್ಲಿ ಕೂತು ಬೀಡಿ ಕಟ್ಟುವ. ಇಂಟರ್‌ವ್ಯೂ ಆನ್‌ಲೈನ್ ಮಾಡ್ಲಿಕ್ಕೆ ಕೇಳು ಕಾಲೇಜಿನವರತ್ರ.”

“ಕೇಳಿಯಾಯ್ತು. ಬೋರ್ಡಿನ ಎದುರು ನಿಂತು ಕ್ಲಾಸ್ ತೆಗೀಬೇಕಂತೆ.” ಅವಳು ಕತ್ತರಿ ಎತ್ತಿಕೊಂಡಳು. “ಮತ್ತೆ, ಬೀಡಿ ಕಟ್ಲಿಕ್ಕೆ ನಂಗೆ ಬರ್ತದೆ. ನಿಮಗೇ ಬರುದಿಲ್ಲ.”

ಅವನು ಜೋರಾಗಿ ನಕ್ಕ.

ಹದಿನೆಂಟರ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದಳು. ದೂರದಲ್ಲಿ ಮರದ ಹಡಗು ಕಟ್ಟುವ ಅಂಗಳ. ಅವರು ಬಂದ ವರ್ಷ ಶುರುವಾದ ಹಡಗು ಇನ್ನೂ ಬರೀ ಪಕ್ಕೆಲುಬುಗಳಲ್ಲೇ ನಿಂತಿತ್ತು.

ಸಂಜೆ ಲಕ್ಷಿತ್ ಒಂದು ಪೆಟ್ಟಿಗೆ ಸೇಬು ತಂದ. ಅವಳಿಗಿಷ್ಟ ಎಂದು ಅವನಿಗೆ ನೆನಪಿತ್ತು. ತಾನೇ ತೊಳೆದು, ಒರೆಸಿ, ಬೇರೆಲ್ಲೂ ಜಾಗವಿಲ್ಲದೆ ಗಡ್ಡೆಗಳ ಡಬ್ಬದಲ್ಲೇ ಜೋಡಿಸಿದ.

ನೀರಿನ ಬಾಟಲಿಗೆಂದು ಅವಳು ಫ್ರಿಜ್ಜಿನ ಬಾಗಿಲು ತೆರೆದಾಗ ಸೇಬಿನ ವಾಸನೆ ಮುಖಕ್ಕೆ ಬಂತು. ಮಾಗುವ ಸೇಬು ಬಿಡುವ ಗಾಳಿ, ಮುಚ್ಚಿದ ಜಾಗದಲ್ಲಿ, ಪಕ್ಕದ ಗಡ್ಡೆಯೊಳಗಿನ ಮೊಗ್ಗನ್ನು ಹುಟ್ಟುವ ಮೊದಲೇ ಕೊಲ್ಲುತ್ತದೆ. ಹೊರಗೆ ಏನೂ ತಿಳಿಯುವುದಿಲ್ಲ. ಎಲೆ ಹಸಿರಾಗಿಯೇ ಬರುತ್ತದೆ, ಹೂವಷ್ಟೇ ಬರುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅವಳು ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಹುದಿತ್ತು.

ಡಬ್ಬ ಎಳೆದು ಒಂದು ಸೇಬು ತೆಗೆದಳು. ಇನ್ನೊಂದಕ್ಕೆ ಚಾಚಿದ ಕೈ ಅಲ್ಲೇ ನಿಂತಿತು.

“ಅಲ್ಲಿ ಇಟ್ಟದ್ದು ತೊಂದರೆ ಇಲ್ಲಲ್ಲ?” ಟಿವಿ ಎದುರಿನಿಂದಲೇ ಲಕ್ಷಿತ್ ಕೇಳಿದ. “ಇದ್ರೆ ಹೇಳು, ಹೊರಗೆ ಇಡುವ.”

ತಂಪು ಅವಳ ಪಾದಗಳ ಮೇಲೆ ಇಳಿಯುತ್ತಿತ್ತು.

“ಇಲ್ಲ. ಅಲ್ಲೇ ಇರ್ಲಿ.”

ಡಬ್ಬವನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದಳು. ಕೈಯಲ್ಲಿದ್ದ ಸೇಬನ್ನು ನಾಲ್ಕು ಹೋಳು ಮಾಡಿ, ಬೀಜ ಕೆತ್ತಿ, ತಟ್ಟೆಯಲ್ಲಿಟ್ಟು ಅವನ ಮುಂದೆ ತಂದಳು. ಅವನು ಟಿವಿಯಿಂದ ಕಣ್ಣು ತೆಗೆಯದೆ ಮೊದಲ ಹೋಳನ್ನು ಅವಳ ಕಡೆಗೇ ಚಾಚಿದ. ಅವಳು ಬಾಯಿ ತೆರೆದಳು.