ಹಳದಿ ಓಲೆ

ಬೂದಿ ಹಾಕಿ ಹಾಲಿನ ಕ್ಯಾನು ಉಜ್ಜಿ ತೊಳೆದೆ. ಪಕ್ಕದಲ್ಲಿ ಅವ್ವ ನಮ್ಮ ಹಸು ಗೌರಿಯ ಹಾಲು ಕರೆಯುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಹಸು ಸೊರೆ ಬಿಟ್ಟು ಹಾಲಿಳಿಸುವುದಿಲ್ಲ. ಹಾಲು ಬಗ್ಗಿಸಿದಾಗ ಕ್ಯಾನಿನ ಕತ್ತಿನವರೆಗೆ ಬಂತು. ನಿನ್ನೆಯೂ ಅಷ್ಟೇ ಇತ್ತು, ಹೋದ ತಿಂಗಳೂ ಅಷ್ಟೇ.

ಗೌರಿ ತಲೆ ಕೊಡವಿದಾಗ ಕಿವಿಗೆ ಚುಚ್ಚಿದ ನಂಬರಿನ ಹಳದಿ ಓಲೆ ಅಲ್ಲಾಡಿತು.

ಆ ಓಲೆ ಹಾಕಿ, ಕಾಲುಬಾಯಿ ಜ್ವರ ಬರದಂತೆ ಸೂಜಿ ಚುಚ್ಚಿ ಹೋದವನು ದನದ ಆಸ್ಪತ್ರೆ ಕೆಲಸದ, ಸಿಂಧಘಟ್ಟದ ದಿಲೀಪ. ಹೋದ ವಾರ ಅರ್ಧ ಊರು ಮುಗಿಸಿದ್ದ. ಅವನು ಹೋದ ಮೇಲೆ ಎಲ್ಲರ ಫೋನಿಗೂ ಯಾರೋ ಅಳುತ್ತಾ ರೆಕಾರ್ಡು ಮಾಡಿ ಕಳಿಸಿದ ದನಿ ಬಂತು. "ಹಳದಿ ಓಲೆ ಹಾಕಿದ ಹಸ ಬತ್ತೋಯ್ತದೆ. ಎಲೆಕ್ಷನ್ನಿಗೆ ದುಡ್ಡು ಕೊಟ್ಟ ಕಂಪನಿ ಹಾಲಿನ ಪುಡಿ ಮಾರ್ಲಿ ಅಂತ ಸರ್ಕಾರ್ದೋರೇ ಮಾಡುಸ್ತಾವ್ರೆ."

ನಮ್ಮ ಬೀದಿಯ ನಿಂಗರಾಜು ಅದನ್ನು ಕೇಳಿ, "ನಾನು ಸುಮ್ಸುಮ್ನೆ ನಂಬೋನಲ್ಲ, ವಿಚಾರಿಸ್ತೀನಿ" ಎಂದು ಮನೆಮನೆಗೂ ಹೋದ. ನಮ್ಮ ಜಗುಲಿಗೂ ಬಂದ.

"ಏನಕ್ಕ, ಹಸ ಎಂಗ್ ಕರೀತದೆ?"

"ಎಲ್ ಕರೀತದಪ್ಪ, ಕಮ್ಮಿ ಆಗೋಗದೆ" ಎಂದಳು ಅವ್ವ.

ನಾನು ಹುಟ್ಟಿದಾಗಿನಿಂದ ಅವ್ವ ಹೇಳುವುದು ಇದೊಂದೇ. ಚೆನ್ನಾಗಿ ಕರೆಯುತ್ತದೆ ಎಂದರೆ ದೃಷ್ಟಿಯಾಗುತ್ತದೆ. ಊರಿನ ಯಾವ ಹೆಂಗಸೂ ಹಾಗೆ ಹೇಳುವುದಿಲ್ಲ. ತುಂಬಿದ ಕ್ಯಾನಿಗೆ ಸೆರಗು ಮುಚ್ಚಿಕೊಂಡೇ ಡೈರಿಗೆ ಹೋಗುತ್ತಾರೆ. ನಿಂಗರಾಜುವಿನ ತಾಯಿಯೂ ಅಷ್ಟೇ.

ಸಂಜೆ ಅವನು ಅರಳಿಕಟ್ಟೆ ಹತ್ತಿ ಕೂಗಿದ. "ಒಂದ್ ಮನೆ ಬುಡ್ದಂಗೆ ಕೇಳಿವ್ನಿ ಕಣ್ರಲಾ. ಎಲ್ಲಾರ್ದೂ ಕಮ್ಮಿ!"

ಮಾರನೆಯ ದಿನ ಅವ್ವ ತುಂಬಿದ ಕ್ಯಾನಿನೊಳಗೆ ಬಗ್ಗಿ ನೋಡಿದಳು. "ಎಲ್ಲಾರ್ದೂ ಕಮ್ಮಿಯಂತೆ ಕಣೆ ರಂಜಿತ. ನಮ್ದೂ ಇಳ್ದಂಗಿಲ್ವಾ?"

"ಇಲ್ಲ ಕಣವ್ವ. ಅಷ್ಟೇ ಅದೆ."

"ಬಾಯ್ಮುಚ್ಚು. ಕಣ್ಣಾಕ್ಬೇಡ."

ಅವಳು ಮತ್ತೆ ಕ್ಯಾನಿನೊಳಗೆ ಬಗ್ಗಿದಳು. ಆಗಲೇ ನನಗೆ ಭಯ ಶುರುವಾಯಿತು.

ಇವತ್ತು ಕರೆದಾದ ಮೇಲೆ ಕ್ಯಾನು ಹೊತ್ತು ಡೈರಿಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಸುತ್ತ ಗಂಡಸರು. ಉಳಿದ ಹಸುಗಳಿಗೆ ಸೂಜಿ ಹಾಕಲು ಬೆಳಿಗ್ಗೆಯೇ ಬಂದ ದಿಲೀಪನನ್ನು ಒಳಗೆ ತಳ್ಳಿದ್ದರು. ಅವನ ಸೂಜಿಮದ್ದಿನ ಐಸ್ ಡಬ್ಬ ಒಡೆದು ರಸ್ತೆಯಲ್ಲಿ ಬಿದ್ದಿತ್ತು. ಕೀ ನಮ್ಮಣ್ಣ ರವೀಂದ್ರನ ಬೆರಳಿಗೆ ನೇತಾಡುತ್ತಿತ್ತು.

ಕಿಟಕಿಯ ಸರಳು ಹಿಡಿದು ದಿಲೀಪ ಹೇಳುತ್ತಿದ್ದ. "ಅಣ್ಣಾ, ನಮ್ಮನೇಲೂ ಹಸ ಅವೆ. ಅವುಕ್ಕೂ ಇದೇ ಸೂಜಿ ಹಾಕಿವ್ನಿ ಕಣಣ್ಣ."

"ಅವನ್ ಹಸುಗೆ ಬ್ಯಾರೆ ಸೂಜಿ ಇರ್ತದೆ ಬುಡ್ರಲಾ" ಎಂದ ನಿಂಗರಾಜು. ನಾಲ್ಕಾರು ಜನ ನಕ್ಕರು.

ಕಲ್ಲೊಂದು ಕಿಟಕಿಗೆ ಬಿತ್ತು. ಗಾಜು ಚೂರಾಯಿತು. ಸರಳಿನ ಮೇಲಿದ್ದ ಕೈ ಒಳಗೆ ಹೋಯಿತು, ಸರಳಿಗೆ ರಕ್ತ ಅಂಟಿಕೊಂಡಿತು. ಯಾರೋ ಬೈಕಿನ ಪೈಪು ಕಿತ್ತು ಬಾಟಲಿಗೆ ಪೆಟ್ರೋಲು ಹಿಡಿಯುತ್ತಿದ್ದ. ಅಣ್ಣ ಅದನ್ನು ಕಂಡೂ ಫೋನು ಎತ್ತಿ ವೀಡಿಯೊ ಮಾಡುತ್ತಲೇ ಇದ್ದ.

ಗೋಡೆಯ ಉದ್ದಕ್ಕೂ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಕ್ಯಾನಿನ ಮೇಲೂ ಸೆರಗು. ಕ್ಯಾನು ಹಿಡಿದ ತೋಳುಗಳು ಭಾರಕ್ಕೆ ಜಗ್ಗುತ್ತಿದ್ದವು.

ನಾನು ಕ್ಯಾನನ್ನು ಎಲ್ಲರ ಮುಂದೆ ಇಳಿಸಿ ಮುಚ್ಚಳ ತೆಗೆದೆ. ಕತ್ತಿನವರೆಗೆ ಹಾಲು. ಪಕ್ಕದವಳು ನೋಡಿದಳು, ತನ್ನ ಸೆರಗನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು.

"ಮುಚ್ಚಮ್ಮಿ ಅದ್ನ! ಎಂಟ್ನೇ ಕ್ಲಾಸ್ಗೇ ಸ್ಕೂಲ್ ಬುಟ್ಟೋಳು ನಮ್ಗ್ ಹೇಳ್ಕೊಡಕ್ ಬಂದ್ಲು" ಎಂದ ಅಣ್ಣ.

ಪೆಟ್ರೋಲಿನ ವಾಸನೆ ಹತ್ತಿರ ಬಂತು. ಒಳಗಿನಿಂದ ಈಗ ಸದ್ದೇ ಇರಲಿಲ್ಲ. ನಾನು ಅಣ್ಣನ ಮುಂದೆ ಹೋಗಿ ಕೈಯೊಡ್ಡಿದೆ.

"ಅಣ್ಣಾ, ಕೀ ಕೊಡು."

ಅವನು ನನ್ನ ತಲೆಯ ಮೇಲಿಂದ ಕಿಟಕಿಯನ್ನೇ ನೋಡುತ್ತಿದ್ದ. ನಾನು ಹೆಂಗಸರ ಕಡೆ ತಿರುಗಿದೆ. ಎಲ್ಲರೂ ನೆಲ ನೋಡಿದರು.

"ಅಣ್ಣಾ, ಕೀ ಕೊಡು."